ಹಲ್ಲುಸೆಟ್ ತೊಳೆಯುವ ಮಾತ್ರೆ: ಏಳು ವರ್ಷದ ಲೆಕ್ಕ

ನೀರಿಗೆ ಮಾತ್ರೆ ಹಾಕಿ ನೆನೆಸಿಟ್ಟರೆ ಹಲ್ಲುಸೆಟ್ ರಾತ್ರಿಯೆಲ್ಲ ತಾನೇ ತೊಳೆದುಕೊಂಡು ಬೆಳಿಗ್ಗೆ ಹೊಸದಾಗಿ ಕೂತಿರುತ್ತದೆ ಅಂತ ನಂಬಿ ಕೊಂಡವನು ನಾನು. ಹಾಗೇನೂ ಆಗುವುದಿಲ್ಲ. ಆದರೂ ಏಳು ವರ್ಷದಿಂದ ಕೊಳ್ಳುತ್ತಲೇ ಇದ್ದೇನೆ.

ನಾನು ಕಲಬುರಗಿಯವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ, ಜಾಸ್ತಿ ಕಾಲ ಅಫಜಲಪುರ ರೂಟಿನಲ್ಲಿ. ಬಾಯಲ್ಲಿ ಎಲೆ, ಅಡಿಕೆ, ತಂಬಾಕು ಇಲ್ಲದ ಟ್ರಿಪ್ಪೇ ಇರಲಿಲ್ಲ. ರಿಟೈರ್ ಆಗುವ ಹೊತ್ತಿಗೆ ಉಳಿದದ್ದು ಆರು ಹಲ್ಲು, ಆರೂ ಅಲ್ಲಾಡುತ್ತಿದ್ದವು. 2018ರಲ್ಲಿ ಅವನ್ನೂ ಕೀಳಿಸಿ ಮೇಲೆ ಕೆಳಗೆ ಪೂರ್ತಿ ಸೆಟ್ ಕಟ್ಟಿಸಿಕೊಂಡೆ. ಅದು ಮೂರೇ ವರ್ಷ ಬಾಳಿತು. 2021ರಲ್ಲಿ ಕಟ್ಟಿಸಿದ್ದು ಇನ್ನೂ ಬಾಯಲ್ಲಿದೆ. ಎರಡೂ ಅದೇ ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ಅದೇ ಡಾಕ್ಟರು. ಬದಲಾದದ್ದು ತೊಳೆಯುವ ರೀತಿ ಮಾತ್ರ.

ಮೊದಲ ಸೆಟ್ಟನ್ನು ಹಾಳು ಮಾಡಿದ್ದು ನಾನೇ. ಹಲ್ಲು ಅಂದ ಮೇಲೆ ಪೇಸ್ಟ್ ಹಚ್ಚಿ ಉಜ್ಜಬೇಕು, ಅಲ್ವಾ? ಗಟ್ಟಿ ಬ್ರಶ್ ತಗೊಂಡು ಎರಡು ಹೊತ್ತೂ ಉಜ್ಜಿದೆ. ಪೇಸ್ಟಿನಲ್ಲಿ ಉಜ್ಜಲಿಕ್ಕೆ ಅಂತಲೇ ಸುಣ್ಣದ ಪುಡಿಯನ್ನೋ ಸಿಲಿಕಾವನ್ನೋ ಬೆರೆಸಿರುತ್ತಾರೆ. ನಿಜವಾದ ಹಲ್ಲಿನ ಮೇಲ್ಪದರ ಗಟ್ಟಿ, ತಡೆದುಕೊಳ್ಳುತ್ತದೆ. ಅಕ್ರಿಲಿಕ್ ಅದಕ್ಕಿಂತ ಎಷ್ಟೋ ಮೆತ್ತಗೆ. ಆರು ತಿಂಗಳಿಗೆ ಹೊಳಪು ಹೋಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬಿದ್ದವು, ಅದರೊಳಗೆ ಚಹಾ, ಅರಿಶಿನ ಹೋಗಿ ಕೂತವು. ಕಲೆ ಹೋಗಲಿಲ್ಲ ಅಂತ ಇನ್ನೂ ಜೋರಾಗಿ ಉಜ್ಜಿದೆ. ಗೀರು ಇನ್ನೂ ಜಾಸ್ತಿ ಆಯಿತು.

ಆಮೇಲೆ ಒಂದು ದಿನ ಬುದ್ಧಿವಂತಿಕೆ ತೋರಿಸಿದೆ. ಮೊಮ್ಮಗನ ಹಾಲಿನ ಬಾಟಲಿ ಕುದಿಯುತ್ತಿತ್ತು. ಅದೇ ನೀರಿಗೆ ಹಲ್ಲನ್ನೂ ಹಾಕಿದೆ. ಹೊರಗೆ ತೆಗೆದಾಗ ನೋಡಲು ಏನೂ ಆಗಿರಲಿಲ್ಲ. ಬಾಯಿಗೆ ಹಾಕಿದರೆ ಮುರಿದ ಕಾಲಿನ ಕುರ್ಚಿ ಹಾಗೆ ಕುಂಟುತ್ತಿತ್ತು. ಡಾಕ್ಟರು ತಿರುಗಿಸಿ ನೋಡಿ, "ಹಪ್ಪಳ ಸುಟ್ಟಂಗ ಸೊಟ್ಟ ಆಗ್ಯದ ನೋಡ್ರಿ" ಅಂದರು. ಕುದಿಯುವ ನೀರಿಗೆ ಅಕ್ರಿಲಿಕ್ ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಹೇಗೋ ತೇಯ್ದು ಕೂರಿಸಿ ಕೊಟ್ಟರು. ಕೊನೆಗೆ ಒಂದು ಬೆಳಿಗ್ಗೆ ಸೋಪಿನ ಕೈಯಿಂದ ಜಾರಿ ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಬಿತ್ತು. ನಮ್ಮ ಭಾಗದ ಮನೆಗಳ ನೆಲ ಎಂಥದ್ದು ಅಂತ ಗೊತ್ತಲ್ಲ. ಮೇಲಿನ ಸೆಟ್ ನಡುವೆ ಎರಡು ಹೋಳು.

ಈಗ ಮಾತ್ರೆಯ ವಿಷಯ. ಸೂಪರ್ ಮಾರ್ಕೆಟ್ ಕಡೆಯ ಮೆಡಿಕಲ್‌ಗಳಲ್ಲಿ ಕೇಳಿ ಕೇಳಿ ಕ್ಲಿನ್ಸೋಡೆಂಟ್, ಫಿಟ್ಟಿಡೆಂಟ್, ಪೋಲಿಡೆಂಟ್ ಮೂರನ್ನೂ ಬಳಸಿದ್ದೇನೆ. ಬಣ್ಣ, ವಾಸನೆ ಬೇರೆ ಬೇರೆ. ಕೆಲಸದಲ್ಲಿ ನನಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಇದನ್ನು ಒಂದು ಕಂಪನಿಯ ವಿಮರ್ಶೆ ಅಂತ ಓದಬೇಡಿ, ಮಾತ್ರೆ ಅನ್ನುವ ವಸ್ತುವಿನ ವಿಮರ್ಶೆ ಅಂತ ಓದಿ.

ನೀರಿಗೆ ಹಾಕಿದ ಕೂಡಲೇ ಬುಸ್ ಅಂತ ನೊರೆ ಏಳುತ್ತದೆ. ಅದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಕೂಡಿದಾಗ ಬರುವ ಗುಳ್ಳೆ, ಗೋಲಿ ಸೋಡಾದಲ್ಲಿ ಇರುವ ಅದೇ ಗಾಳಿ. ನಿಜವಾದ ಕೆಲಸ ಜಾಸ್ತಿ ಮಾಡುವುದು ಅದರ ಜೊತೆ ಇರುವ ಪರ್‌ಬೋರೇಟ್, ಪರ್‌ಕಾರ್ಬೊನೇಟ್, ಪರ್‌ಸಲ್ಫೇಟ್ ಜಾತಿಯ ಪುಡಿ. ಅದು ಆಮ್ಲಜನಕ ಬಿಟ್ಟು ಕಲೆ ತಿಳಿ ಮಾಡುತ್ತದೆ, ವಾಸನೆ ತೆಗೆಯುತ್ತದೆ, ಕ್ರಿಮಿಗಳನ್ನು ಕಡಿಮೆ ಮಾಡುತ್ತದೆ. ಉಜ್ಜುವುದಿಲ್ಲವಾದ್ದರಿಂದ ಗೀರು ಬೀಳುವುದಿಲ್ಲ. ಇದೇ ಅದರ ದೊಡ್ಡ ಗುಣ.

ಆದರೆ ಅಂಟಿಕೊಂಡ ಲೋಳೆ ಪದರ ಅದರಿಂದ ಪೂರ್ತಿ ಹೋಗುವುದಿಲ್ಲ. ಹೊಸ ಸೆಟ್ ಬಂದ ಮೇಲೆ ನಾನೇ ಪರೀಕ್ಷೆ ಮಾಡಿದೆ. ಒಂದು ತಿಂಗಳು ಬರೀ ಮಾತ್ರೆ, ಬ್ರಶ್ ಮುಟ್ಟಲಿಲ್ಲ. ಇನ್ನೊಂದು ತಿಂಗಳು ಬರೀ ಮೆತ್ತನೆ ಬ್ರಶ್, ಕೈ ತೊಳೆಯುವ ಲಿಕ್ವಿಡ್ ಸೋಪಿನ ಎರಡು ಹನಿ, ಮಾತ್ರೆ ಇಲ್ಲ. ಬೆಳಿಗ್ಗೆ ಒಳಭಾಗದ ಮೇಲೆ ಬೆರಳು ಆಡಿಸಿದರೆ ಸಾಕು, ತಿಳಿಯುತ್ತದೆ. ಮಾತ್ರೆ ತಿಂಗಳಲ್ಲಿ ವಾಸನೆ ಚೆನ್ನಾಗಿತ್ತು, ಆದರೆ ಪಾಚಿ ಕಲ್ಲಿನ ಹಾಗೆ ಜಾರುತ್ತಿತ್ತು. ಬ್ರಶ್ ತಿಂಗಳಲ್ಲಿ ಗಾಜಿನ ಬಳೆ ಹಾಗೆ ಕಿರ್ ಅನ್ನುತ್ತಿತ್ತು, ಆದರೆ ಹಲ್ಲುಗಳ ಸಂದಿಯಲ್ಲಿ ಚಹಾದ ಕಂದು ಉಳಿಯಿತು. ಆವತ್ತಿನಿಂದ ದಿನಾ ಬ್ರಶ್ ಮತ್ತು ಸೋಪು, ವಾರದಲ್ಲಿ ಮೂರು ದಿನ ಮಾತ್ರೆ. ದಿನಾ ಮಾತ್ರೆ ಹಾಕಿ ಅಂತಲೇ ಪ್ಯಾಕಿನ ಮೇಲೆ ಬರೆದಿರುತ್ತದೆ. ನನ್ನ ಪಿಂಚಣಿಗೆ ಮೂರು ದಿನ ಸಾಕು. ಒಂದು ಮಾತ್ರೆಯನ್ನು ಮುರಿದು ಎರಡು ದಿನ ಹಾಕಿ ಉಳಿಸಲು ನೋಡಿದೆ. ಉಳಿದ ಅರ್ಧ ಗಾಳಿಯ ತೇವಕ್ಕೆ ಸತ್ತು ಹೋಗಿತ್ತು, ನೊರೆಯೇ ಬರಲಿಲ್ಲ. ಚಿಲ್ಲರೆ ಉಳಿಸುವ ಹಳೆಯ ಚಟ, ಬಿಡಿ.

ಬೆಚ್ಚಗಿನ ನೀರಿಗೆ ಹಾಕಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಆ ಚಿಂತೆ ಇಲ್ಲ. ಮಧ್ಯಾಹ್ನ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಅದೇ ಬರುತ್ತದೆ.

ಪ್ಯಾಕಿನ ಮೇಲೆ ಬರೆಯದ ಒಂದು ವಿಷಯ ನಮ್ಮ ನೀರು. ನಮ್ಮ ಓಣಿಯಲ್ಲಿ ಬೋರಿನ ನೀರೇ ಜಾಸ್ತಿ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಹಲ್ಲಿನ ಮೇಲೂ ಕಟ್ಟಿತು. ಮೊದಲ ವರ್ಷ ನಾನು ಅದನ್ನು ಮಾತ್ರೆಯ ಪುಡಿ ಉಳಿದಿದೆ ಅಂದುಕೊಂಡು ಅಂಗಡಿಯವನ ಜೊತೆ ಜಗಳಕ್ಕೆ ಹೋಗಿದ್ದೆ. ಅವನದೇನೂ ತಪ್ಪಿರಲಿಲ್ಲ. ಶಹಾಬಾದ್, ವಾಡಿ, ಸೇಡಂ ಕಡೆ ಭೂಮಿಯ ಒಳಗೆಲ್ಲ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದು. ಅಂಥ ಕಲ್ಲಿನ ನಡುವೆ ಹಾದು ಬರುವ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಅದರ ಮೇಲೆ ನಮ್ಮ ಜೊಲ್ಲಿನಲ್ಲೂ ಕ್ಯಾಲ್ಸಿಯಂ ಇದೆ. ಕೆಳಗಿನ ಸೆಟ್ಟಿನ ಮುಂಭಾಗದ ಒಳಗಡೆ, ಮೇಲಿನ ಸೆಟ್ಟಿನ ದವಡೆ ಹಲ್ಲಿನ ಕೆನ್ನೆಯ ಕಡೆ ಈ ಸುಣ್ಣ ಗಟ್ಟಿಯಾದ ಗಾರೆ ಜಾಸ್ತಿ ಕಟ್ಟುತ್ತದೆ. ಜೊಲ್ಲು ಸುರಿಸುವ ಗ್ರಂಥಿಗಳ ಬಾಯಿ ಅಲ್ಲೇ ತೆರೆಯುವುದು. ನಿಮ್ಮ ಸೆಟ್ ತೆಗೆದು ನೋಡಿ, ಆ ಎರಡು ಜಾಗವೇ ಒರಟಾಗಿರುತ್ತದೆ.

ಈ ಗಾರೆಗೆ ಮಾತ್ರೆ ಅಷ್ಟಾಗಿ ಸಾಲುವುದಿಲ್ಲ. ಚಾಕು, ಸೂಜಿ ತಗೊಂಡು ಕೆರೆಯಲೇಬೇಡಿ. ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಹಾಕಿ ಅರ್ಧ ಗಂಟೆ ನೆನೆಸಿಟ್ಟರೆ ಮೆತ್ತಗಾಗುತ್ತದೆ, ಆಮೇಲೆ ಬ್ರಶ್‌ಗೆ ಬರುತ್ತದೆ. ಅಡುಗೆಮನೆ ಕಟ್ಟೆಯ ಶಹಾಬಾದ್ ಕಲ್ಲಿನ ಮೇಲೆ ನಿಂಬೆಹುಳಿ ಬಿದ್ದರೆ ಕಲೆಯಾಗಿ ಉಳಿಯುತ್ತದೆ ಅಂತ ಮನೆಯಾಕೆ ಬೈಯುತ್ತಾಳಲ್ಲ, ಇದೂ ಅದೇ. ಹುಳಿಗೆ ಸುಣ್ಣ ಕರಗುತ್ತದೆ. ನಾನು ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ನೆನೆಸಲು ಬೋರಿನ ನೀರು ಬಿಟ್ಟು ಕುಡಿಯುವ ಫಿಲ್ಟರ್ ನೀರು ಹಾಕಲು ಶುರು ಮಾಡಿದ ಮೇಲೆ ಪೊರೆ ಅರ್ಧಕ್ಕರ್ಧ ಕಡಿಮೆ ಆಯಿತು. ಒಂದು ಲೋಟ ನೀರಿನ ಮಾತು, ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಲೋಟ ಅಂದಾಗ ನೆನಪಾಯಿತು. ಶರಣಬಸವೇಶ್ವರ ಜಾತ್ರೆಗೆ ಯಾದಗಿರಿಯಿಂದ ನಮ್ಮ ಬೀಗರು ಬಂದಿದ್ದರು. ಬೆಳಿಗ್ಗೆ ನಾನು ಹಲ್ಲು ತೆಗೆದು ಹಾಕಿಕೊಂಡು ನೀರು ಚೆಲ್ಲದೆ ಹೋಗಿದ್ದೆ. ಸ್ಟೀಲ್ ಲೋಟದಲ್ಲಿ ತಿಳಿನೀಲಿ ನೀರು, ಪುದೀನ ವಾಸನೆ. ಬಿಸಿಲಲ್ಲಿ ಬಂದವರು ಶರಬತ್ತು ಅಂತ ಬಾಯಿಗೆ ಹಿಡಿದೇಬಿಟ್ಟಿದ್ದರು. ಮನೆಯಾಕೆ ಕೂಗಿಕೊಂಡದ್ದಕ್ಕೆ ಉಳಿದರು. ನಗುವ ಮಾತಲ್ಲ. ಈ ನೀರು ಕುಡಿದರೆ ಗಂಟಲು, ಹೊಟ್ಟೆ ಸುಟ್ಟುಹೋಗಬಹುದು. ಪರ್‌ಸಲ್ಫೇಟ್ ಕೆಲವರಿಗೆ ಅಲರ್ಜಿಯನ್ನೂ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟು ಲೇಬಲ್ ತಿದ್ದಿ ಅಂತ ಕಂಪನಿಗಳಿಗೆ ಹೇಳಿದ್ದರು. ಒಸಡು ಕೆಂಪಾಗಿ ಉರಿ ಬಂದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಹಲ್ಲು ಬಾಯಲ್ಲಿ ಇಟ್ಟುಕೊಂಡೇ ಮಾತ್ರೆ ಚೀಪುವವರೂ ಇದ್ದಾರಂತೆ, ದೇವರೇ ಕಾಪಾಡಬೇಕು. ನಾನು ಆವತ್ತೇ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ತಂದೆ. ಹಲ್ಲು ಬಾಯಿಗೆ ಹೋಗುವ ಮೊದಲು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯುತ್ತೇನೆ.

ತೊಳೆಯುವಾಗ ಬೇಸಿನ್ನಿನಲ್ಲಿ ಅರ್ಧ ನೀರು ತುಂಬಿ, ತಳದಲ್ಲಿ ಹಳೆಯ ಟವೆಲ್ ಹಾಸಿಕೊಳ್ಳುತ್ತೇನೆ. ಹೊಸ ಸೆಟ್ ಎರಡು ಸಲ ಕೈ ಜಾರಿದೆ. ಎರಡು ಸಲವೂ ಟವೆಲ್ ಮೇಲೆ ಬಿತ್ತು.

ಇನ್ನು ರಾತ್ರಿಯ ಮಾತು. ಮೊದಲ ಸೆಟ್ಟಿನ ಕಾಲದಲ್ಲಿ ನಾನು ಹಲ್ಲು ಹಾಕಿಕೊಂಡೇ ಮಲಗುತ್ತಿದ್ದೆ. ಬೊಚ್ಚು ಬಾಯಿ ಮನೆಯಾಕೆಗೂ ತೋರಿಸಲು ನಾಚಿಕೆ. ನಲವತ್ತು ವರ್ಷ ಸಂಸಾರ ಮಾಡಿದ ಮೇಲೆ ಎಂಥ ನಾಚಿಕೆಯೋ. ಒಂದು ದಿನ ಖಾರ ತಾಗಿದರೆ ಅಂಗುಳ ಧಗಧಗ. ಕನ್ನಡಿಯಲ್ಲಿ ನೋಡಿದರೆ ಸೆಟ್ ಎಷ್ಟು ಅಗಲವೋ ಅಷ್ಟೇ ಅಗಲ ಕೆಂಪು, ಅಚ್ಚು ಒತ್ತಿದ ಹಾಗೆ. ಕ್ಯಾಂಡಿಡಾ ಅನ್ನುವ ಫಂಗಸ್ಸು. ಸೆಟ್ ಕೆಳಗೆ ಗಾಳಿ ಇಲ್ಲ, ಜೊಲ್ಲು ಸರಿಯಾಗಿ ಆಡುವುದಿಲ್ಲ, ಗೀರುಗಳೊಳಗೆ ಕೂರಲು ಜಾಗ ಇದೆ. ನನಗೆ ಸಕ್ಕರೆ ಕಾಯಿಲೆ ಬೇರೆ, ಅಂಥವರಿಗೆ ಇದು ಬೇಗ ಹತ್ತುತ್ತದೆ. ಡಾಕ್ಟರು ಬಾಯಿಗೆ ಹಚ್ಚಲು ಕ್ಲೋಟ್ರಿಮಜೋಲ್ ಕೊಟ್ಟರು. "ಔಷಧ ಹಚ್ಚೂದು ನಿಮ್ಮ ಬಾಯಿಗೆ, ಫಂಗಸ್ ಕುಂತದ್ದು ಸೆಟ್ಟಿನ್ಯಾಗ" ಅಂತ ಹೇಳಿ ಅದನ್ನೂ ಸ್ವಚ್ಛ ಮಾಡಿಸಿದರು. ಈಗ ರಾತ್ರಿ ಹಲ್ಲು ಡಬ್ಬಿಯಲ್ಲಿ, ನೀರಿನಲ್ಲಿ. ಒಣಗಿಸಿ ಇಡಬಾರದು, ಅಕ್ರಿಲಿಕ್ ನೀರು ಕುಡಿದು ತನ್ನ ಅಳತೆ ಹಿಡಿದಿರುತ್ತದೆ, ಒಣಗಿದರೆ ಸ್ವಲ್ಪ ಕುಗ್ಗುತ್ತದೆ. ಮಲಗುವ ಮೊದಲು ಒಸಡು, ನಾಲಿಗೆ, ಅಂಗುಳ ಮೂರನ್ನೂ ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ಆಮೇಲೆ ಕೆಂಪು ಬಂದಿಲ್ಲ. ಇದರಲ್ಲಿ ಮಾತ್ರೆಯ ಪಾಲು ಎಷ್ಟು, ರಾತ್ರಿ ತೆಗೆದಿಡುವುದರ ಪಾಲು ಎಷ್ಟು ಅಂತ ಕೇಳಿದರೆ, ಮುಕ್ಕಾಲು ಭಾಗ ತೆಗೆದಿಡುವುದಕ್ಕೇ ಕೊಡುತ್ತೇನೆ.

ಬ್ಲೀಚಿಂಗ್ ನೀರಿನಲ್ಲಿ ಹಾಕಿದರೆ ಫಳಫಳ ಆಗುತ್ತದೆ ಅಂತ ಹೇಳುವವರಿದ್ದಾರೆ. ತುಂಬಾ ತೆಳುವಾಗಿ, ಹತ್ತು ನಿಮಿಷ ಮೀರದಂತೆ, ಅದೂ ಡಾಕ್ಟರು ಹೇಳಿದರೆ ಮಾತ್ರ. ರಾತ್ರಿಯಿಡೀ ಬಿಟ್ಟರೆ ಗುಲಾಬಿ ಬಣ್ಣ ಬೆಳ್ಳಗಾಗುತ್ತದೆ. ನಮ್ಮ ಮನೆಯಾಕೆಯದು ನಾಲ್ಕು ಹಲ್ಲಿನ ಸೆಟ್, ಲೋಹದ ಕೊಂಡಿ ಇದೆ. ಅಂಥದ್ದಕ್ಕೆ ಬ್ಲೀಚ್ ತಾಗಿಸಲೇಬಾರದು, ಕೊಂಡಿ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಮಾತ್ರೆ ಕೊಳ್ಳುವಾಗಲೂ ಲೋಹ ಇರುವ ಸೆಟ್ಟಿಗೆ ನಡೆಯುತ್ತದೆಯೇ ಅಂತ ಪ್ಯಾಕ್ ಓದಿ.

ಅಂಟಿಸುವ ಕ್ರೀಮ್ ಕೂಡ ಕೆಲವು ತಿಂಗಳು ಹಚ್ಚಿದೆ. ಬಾಯಲ್ಲಿ ಗಟ್ಟಿ ಕೂರುತ್ತದೆ ನಿಜ, ತೊಳೆಯುವಾಗ ಮಾತ್ರ ಹಲಸಿನ ಮೇಣ. ಉಗುರುಬೆಚ್ಚಗಿನ ನೀರು, ಬಟ್ಟೆ, ತಾಳ್ಮೆ ಮೂರೂ ಬೇಕು. ಅದಕ್ಕಿಂತ ಅಂಟಿಸುವ ಪುಡಿ ವಾಸಿ. ಯಾವುದಾದರೂ ಸರಿ, ಜಿಂಕ್ ಇಲ್ಲದ್ದು ನೋಡಿ ತಗೊಳ್ಳಿ. ವರ್ಷಗಟ್ಟಲೆ ಜಾಸ್ತಿ ಜಿಂಕ್ ಹೊಟ್ಟೆಗೆ ಹೋದರೆ ಮೈಯಲ್ಲಿ ತಾಮ್ರದ ಅಂಶ ಇಳಿದು ನರಗಳಿಗೆ ತೊಂದರೆ ಆಗುತ್ತದೆ.

ಮಾತ್ರೆಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೆತ್ತನೆ ಬ್ರಶ್‌ಗೆ ಐದಕ್ಕೆ ಐದು. ಬೆಲೆ ನೋಡಿದರೆ ಉಲ್ಟಾ ಇದೆ. ಒಂದು ಅಂಕ ಕಳೆದದ್ದು ಪೊಟ್ಟಣಕ್ಕೆ. ಹಲ್ಲಿಲ್ಲದವರಿಗೆ ಮಾರುವ ವಸ್ತುವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಹಾಳೆಯಲ್ಲಿ ಸುತ್ತಿರುತ್ತಾರೆ. ಕತ್ತರಿ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಪುಕ್ಕಟೆ ಸೆಟ್ ಕಟ್ಟಿಕೊಡುತ್ತಾರೆ. ನನ್ನ ಜೊತೆ ಡ್ಯೂಟಿ ಮಾಡಿದವರೊಬ್ಬರ ಅಣ್ಣ, ಜೇವರ್ಗಿ ಕಡೆಯವರು, ಹಾಗೆ ಕಟ್ಟಿಸಿಕೊಂಡರು. ಸೆಟ್ ಚೆನ್ನಾಗಿಯೇ ಇತ್ತು. ಅವರು ಅದನ್ನು ಇದ್ದಿಲು ಪುಡಿಯಿಂದ ಉಜ್ಜುತ್ತಿದ್ದರು. ನಾನು ಒಂದು ಬ್ರಶ್, ಒಂದು ಡಬ್ಬಿ ಕೊಟ್ಟು ಬಂದೆ. ಮಾತ್ರೆ ಕೊಡಲಿಲ್ಲ.

ಈಗ ಕೆಳಗಿನ ಸೆಟ್ ಸಡಿಲ ಆಗುತ್ತಿದೆ. ಅದು ತೊಳೆದ ತಪ್ಪಲ್ಲ, ಹಲ್ಲು ಹೋದ ಮೇಲೆ ದವಡೆ ಮೂಳೆ ವರ್ಷವರ್ಷ ಸವೆಯುತ್ತದೆ. ಒಳಗೆ ಹೊಸ ಪದರ ಹಾಕಿ ಬಿಗಿ ಮಾಡಿಕೊಡುತ್ತೇವೆ ಅಂದಿದ್ದಾರೆ. ಸಂಕ್ರಾಂತಿಯೊಳಗೆ ಆಗಬೇಕು ಅಂತ ಹೇಳಿ ಬಂದಿದ್ದೇನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಒಂದೇ ಒಂದು ಎಳ್ಳು ಸಡಿಲ ಸೆಟ್ಟಿನ ಕೆಳಗೆ ಹೋದರೆ ಚಪ್ಪಲಿಯೊಳಗೆ ಜಲ್ಲಿ ಹೊಕ್ಕ ಹಾಗೆ.