ಟೊಮೆಟೊ, ಬೂಟು, ಸಂಬಳ: ಬಸವನಗುಡಿಯಲ್ಲಿ ನಾಲ್ಕು ಶನಿವಾರ

ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ಚಿತ್ರಾಸಕ್ತರ ಬಳಗವೊಂದು, ಒಂದೇ ಸೈನ್ಯದೊಳಗಿನ ವರ್ಣಭೇದವನ್ನು ಕುರಿತ ನಾಲ್ಕು ಯುದ್ಧಚಿತ್ರಗಳನ್ನು ಕಳೆದ ತಿಂಗಳು ಕನ್ನಡ ಸಬ್‌ಟೈಟಲ್‌ಗಳೊಂದಿಗೆ ತೋರಿಸಿತು. ನಾಲ್ಕು ಶನಿವಾರಗಳಿಗೂ ಸೇರಿ 600 ರೂಪಾಯಿ. ಎರಡು ಚಿತ್ರಗಳನ್ನು ಮೊದಲೇ ನೋಡಿದ್ದ ನಾನು ಹಣ ಕಟ್ಟಿದ್ದು ಕನ್ನಡದ ಸಬ್‌ಟೈಟಲ್ ಹೇಗಿರಬಹುದೆಂಬ ಕುತೂಹಲಕ್ಕೆ.

ಮೊದಲ ವಾರ ‘ಗ್ಲೋರಿ’ (1989). ಅಮೆರಿಕದ ಅಂತರ್ಯುದ್ಧದ 54ನೇ ಮ್ಯಾಸಚೂಸೆಟ್ಸ್ ದಳದಲ್ಲಿ ಸೈನಿಕರು ಕಪ್ಪು ವರ್ಣೀಯರು, ಅಧಿಕಾರಿಗಳು ಬಿಳಿಯರು. ತಿಂಗಳಿಗೆ 13 ಡಾಲರ್ ಎಂದು ನಂಬಿಸಿ 10 ಡಾಲರ್ ಕೊಡಲು ಬಂದಾಗ ಸೈನಿಕರು ಸಂಬಳದ ಚೀಟಿ ಹರಿಯುವುದು, ಬೂಟು ಹುಡುಕಿಕೊಂಡು ಶಿಬಿರ ಬಿಟ್ಟು ಹೋದವನಿಗೆ ಚಾಟಿಯೇಟು ಬೀಳುವುದು, ಇವೆರಡೂ ಕೊನೆಯ ಕೋಟೆಯ ಕಾಳಗಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿದವು. ಆದರೂ ಕಥೆ ಬಹುಪಾಲು ಬಿಳಿಯ ಕರ್ನಲ್‌ನ ಪತ್ರಗಳ ದನಿಯಲ್ಲೇ ಸಾಗುವುದರಿಂದ, ಏಟು ತಿಂದವನ ಸಂಕಟಕ್ಕಿಂತ ಏಟು ಹೊಡೆಸಿದವನ ತಳಮಳವೇ ನಮಗೆ ಹೆಚ್ಚು ಪರಿಚಯವಾಗುತ್ತದೆ.

ಎರಡನೆಯ ವಾರದ ‘ಎ ಸೋಲ್ಜರ್ಸ್ ಸ್ಟೋರಿ’ (1984) ನನ್ನ ಮಟ್ಟಿಗೆ ಇಡೀ ಸರಣಿಯ ಸಾರ್ಥಕ ಸಂಜೆ. 1944ರ ಲೂಸಿಯಾನಾದ ಶಿಬಿರವೊಂದರ ಬಳಿ ಕಪ್ಪು ಸಾರ್ಜೆಂಟ್ ಒಬ್ಬನ ಕೊಲೆಯಾಗುತ್ತದೆ. ತನಿಖೆಗೆ ಕಪ್ಪು ಕ್ಯಾಪ್ಟನ್ ಬರುತ್ತಾನೆ. ಅದೇ ದರ್ಜೆಯ ಬಿಳಿಯ ಕ್ಯಾಪ್ಟನ್‌ಗೆ ಅವನನ್ನು ಸರಿಸಮನೆಂದು ಒಪ್ಪಿಕೊಳ್ಳುವುದೇ ಕಷ್ಟ. ಇಂಗ್ಲಿಷಿನ ಒಂದೇ ‘ಯೂ’ ಇದ್ದಲ್ಲಿ ಅನುವಾದಕರು ಬಿಳಿಯನ ಬಾಯಲ್ಲಿ ಮೊದಲು ‘ನೀನು’ ಎನ್ನಿಸಿ, ಚಿತ್ರ ಮುಗಿಯುವ ಹೊತ್ತಿಗೆ ಸದ್ದಿಲ್ಲದೆ ‘ನೀವು’ ಮಾಡಿದ್ದಾರೆ. ಮೂಲದಲ್ಲಿ ಮುಖಭಾವದಿಂದ ಊಹಿಸಬೇಕಾದದ್ದು ಇಲ್ಲಿ ಅಕ್ಷರದಲ್ಲೇ ಕಾಣುತ್ತದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರೇ ಬೈಗುಳಗಳಲ್ಲಿ ಎಡವಿದ್ದು ಬೇಸರದ ಸಂಗತಿ. ಬಿಳಿಯರ ತಿರಸ್ಕಾರವೂ, ದಕ್ಷಿಣದ ಹಳ್ಳಿಗಾಡಿನಿಂದ ಬಂದ ತನ್ನವರನ್ನೇ ಕಂಡರೆ ಉರಿದುಬೀಳುವ ಸಾರ್ಜೆಂಟ್‌ನ ಹೀನಾಯವೂ ‘ಕರಿಯ’ ಎಂಬ ಒಂದೇ ಪದದಲ್ಲಿ ಕಲಸಿಹೋಗಿವೆ. ವಯಸ್ಸಾದ ಗಂಡಸನ್ನು ‘ಬಾಯ್’ ಎಂದು ಕರೆಯುವ ಅವಮಾನ ‘ಹುಡುಗ’ ಎಂದರೆ ಹೇಗೆ ತಾನೇ ಬಂದೀತು? ಅಲ್ಲಿ ಬೇಕಿದ್ದದ್ದು ‘ಲೋ’.

ಮೂರನೆಯದು ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಪರವಾಗಿ ಹೋರಾಡಿದ ಉತ್ತರ ಆಫ್ರಿಕದ ಸೈನಿಕರ ಕುರಿತ ಫ್ರೆಂಚ್ ಚಿತ್ರ ‘ಇಂಡಿಜೆನ್’ (2006). ಇದರ ಐವರು ನಟರಿಗೆ ಸೇರಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಸಿಕ್ಕಿತ್ತು. ಹಡಗಿನ ಊಟದ ಸಾಲಿನಲ್ಲಿ ಟೊಮೆಟೊ ಬಿಳಿಯರಿಗೆ ಮಾತ್ರ ಎಂದಾಗ ಅಲ್ಜೀರಿಯಾದ ಕಾರ್ಪೊರಲ್ ಆ ಹಣ್ಣುಗಳನ್ನೇ ಬೂಟುಗಾಲಿನಲ್ಲಿ ಜಜ್ಜುತ್ತಾನೆ. ಸಭಾಂಗಣದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ವಸಾಹತುಗಳಿಂದ ಬಂದ ಮಾಜಿ ಸೈನಿಕರಿಗೆ ಫ್ರಾನ್ಸ್ 1959ರಿಂದ ಏರಿಸದೇ ಇಟ್ಟಿದ್ದ ಪಿಂಚಣಿಯನ್ನು ಹೆಚ್ಚಿಸುವ ಘೋಷಣೆ ಹೊರಟದ್ದು ಈ ಚಿತ್ರ ಬಿಡುಗಡೆಯಾದ ದಿನಗಳಲ್ಲೇ. ಪ್ರವೇಶದಲ್ಲಿ ಕೊಟ್ಟ ಒಂದು ಪುಟದ ಟಿಪ್ಪಣಿಯಲ್ಲಿ ಈ ವಿಷಯಕ್ಕೆ ಒಂದು ಸಾಲೂ ಇರಲಿಲ್ಲ.

ಕೊನೆಯ ‘ಕಾಂಪ್ ದ ತಿಯಾರೊಯ್’ (1988) ಚಿತ್ರದಲ್ಲಿ, ಬಾಕಿ ಸಂಬಳ ಕೇಳಿದ ಆಫ್ರಿಕನ್ ಸೈನಿಕರ ಮೇಲೆ 1944ರ ಡಿಸೆಂಬರ್ 1ರಂದು ಸೆನೆಗಲ್‌ನಲ್ಲಿ ಫ್ರೆಂಚ್ ಸೈನ್ಯವೇ ಗುಂಡು ಹಾರಿಸಿದ ಕಥೆಯಿದೆ. ದುರದೃಷ್ಟಕ್ಕೆ ಅಂದೇ ಧ್ವನಿವ್ಯವಸ್ಥೆ ಎರಡು ಬಾರಿ ಕೆಟ್ಟಿತು.

ಪ್ರದರ್ಶನದ ನಂತರದ ಚರ್ಚೆಗಳು ಅಮೆರಿಕ, ಫ್ರಾನ್ಸ್‌ಗಳನ್ನು ದಾಟಲೇ ಇಲ್ಲ. ಇಂದಿನ ಇಸ್ರೇಲ್‌ನಲ್ಲಿರುವ ಹೈಫಾದ 1918ರ ಕಾಳಗದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ, ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ಇದೇ ಊರಿನ ಜೆ.ಸಿ. ನಗರದಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೂ ಬ್ರಿಟಿಷರ ಕೈಯಲ್ಲೇ ಇದ್ದ ಮಹಾದಂಡನಾಯಕನ ಹುದ್ದೆ ಕೊಡಗಿನ ಕಾರ್ಯಪ್ಪನವರಿಗೆ ದೊರೆತದ್ದು 1949ರ ಜನವರಿ 15ರಂದು. ಭಾರತೀಯ ಸೈನಿಕರ ಮಾತು ತೆಗೆಯಲು ಇಷ್ಟು ಸಾಕಿತ್ತು. ಅದರ ಬದಲು ನಿರೂಪಕರು ಇಪ್ಪತ್ತು ನಿಮಿಷ ಕ್ಯಾಮೆರಾ ಕೋನಗಳ ಬಗ್ಗೆಯೇ ಮಾತನಾಡಿದರು.

ಇಷ್ಟೆಲ್ಲ ದೂರುಗಳಿದ್ದರೂ ಮುಂದಿನ ಸರಣಿಗೆ ಹೆಸರು ಕೊಟ್ಟು ಬಂದಿದ್ದೇನೆ, ಬೈಗುಳಗಳ ಅನುವಾದದ ಬಗ್ಗೆ ಸಂಘಟಕರಿಗೆ ಎರಡು ಪುಟದ ಪತ್ರವನ್ನೂ ಬರೆದಿದ್ದೇನೆ. ಹೋಗುವವರು ಮೊದಲ ಮೂರು ಸಾಲುಗಳಲ್ಲೇ ಕುಳಿತುಕೊಳ್ಳಬೇಕು. ನೆಲ ಸಮತಟ್ಟಾಗಿರುವುದರಿಂದ ಹಿಂದೆ ಕುಳಿತವರಿಗೆ ಸಬ್‌ಟೈಟಲ್‌ನ ಕೆಳಸಾಲು ಮುಂದಿನವರ ತಲೆಗೆ ಮರೆಯಾಗುತ್ತದೆ.