ಜನರೇಟರಿಗೆ ಬಿ20 ಬಯೋಡೀಸೆಲ್: ನಾಲ್ಕು ವರ್ಷಗಳ ಬಳಕೆಯ ಅನುಭವ

ಮೆಕ್ಯಾನಿಕಲ್ ಪಂಪ್ ಇರುವ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಜನರೇಟರೊಂದನ್ನು ನಾಲ್ಕು ವರ್ಷಗಳಿಂದ ಬಿ20, ಅಂದರೆ ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬನ್ನು ಸಂಸ್ಕರಿಸಿ ತಯಾರಿಸುವ ಬಯೋಡೀಸೆಲ್ ಶೇ 20ರಷ್ಟು ಬೆರೆತ ಡೀಸೆಲ್‌ನಲ್ಲಿಯೇ ಓಡಿಸುತ್ತಿದ್ದೇನೆ. ‘ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ’ ಎಂದು ಮಾರಾಟಗಾರರು ಹೇಳಿದ್ದು ಮಾತಾಗಿಯೇ ಉಳಿಯಿತು. ಬಯೋಡೀಸೆಲ್‌ನ ತೂಕದಲ್ಲಿ ಶೇ 10ಕ್ಕಿಂತ ತುಸು ಹೆಚ್ಚು ಭಾಗ ಆಮ್ಲಜನಕವೇ ಆಗಿರುವುದರಿಂದ ಲೀಟರಿಗೆ ಸಿಗುವ ಶಕ್ತಿ ಕಡಿಮೆ. ಬಿ20ರಲ್ಲಿ ಈ ಕೊರತೆ ಶೇ 1–2ರಷ್ಟೇ ಆದ್ದರಿಂದ ಪೂರ್ತಿ ಲೋಡಿನಲ್ಲಿಯೂ ನನ್ನ ಗಮನಕ್ಕೆ ಬಂದಿಲ್ಲ. ಹೆಚ್ಚಳವಂತೂ ಒಮ್ಮೆಯೂ ಕಂಡಿಲ್ಲ.

ವ್ಯತ್ಯಾಸ ಕಂಡದ್ದು ಹೊಗೆಯಲ್ಲಿ. ಸೈಲೆನ್ಸರಿನ ಎದುರಿನ ಗೋಡೆ ಮೊದಲು ಬಣ್ಣ ಬಳಿದ ಕೆಲವೇ ತಿಂಗಳಲ್ಲಿ ಮಸಿ ಹಿಡಿಯುತ್ತಿತ್ತು. ಈಗ ವರ್ಷ ಕಳೆದರೂ ಬೂದುಬಣ್ಣಕ್ಕೆ ತಿರುಗಿರುತ್ತದೆ, ಅಷ್ಟೆ. ಶಕ್ತಿಯನ್ನು ತಗ್ಗಿಸುವ ಆಮ್ಲಜನಕವೇ ಇಲ್ಲಿ ದಹನ ಪೂರ್ಣಗೊಳ್ಳಲು ನೆರವಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2002ರ ವಿಶ್ಲೇಷಣೆಯ ಪ್ರಕಾರ ಭಾರಿ ವಾಹನಗಳ ಎಂಜಿನ್‌ಗಳಲ್ಲಿ ಬಿ20 ಬಳಸಿದಾಗ ಹೊಗೆಯ ಕಣಗಳು ಸುಮಾರು ಶೇ 10, ಕಾರ್ಬನ್ ಮೊನಾಕ್ಸೈಡ್ ಶೇ 11, ಸುಡದೆ ಉಳಿದ ಹೈಡ್ರೋಕಾರ್ಬನ್ ಶೇ 21ರಷ್ಟು ಇಳಿದರೆ, ನೈಟ್ರೋಜನ್ ಆಕ್ಸೈಡ್‌ಗಳೆಂಬ ಹಾನಿಕಾರಕ ಅನಿಲಗಳು ಶೇ 2ರಷ್ಟು ಏರುತ್ತವೆ. ಈ ಕೊನೆಯ ಅಂಕಿಯನ್ನು ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲ ತಿಂಗಳು ಮಾತ್ರ ಸಾಕುಬೇಕಾಯಿತು. ಲೋಡ್ ಬಿದ್ದೊಡನೆ ಎಂಜಿನ್ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಫಿಲ್ಟರ್ ಬಿಚ್ಚಿದರೆ ಒಳಗೆ ಕಾಫಿ ಗಸಿಯಂತಹ ಕಪ್ಪು ಕೆಸರು. ಬಯೋಡೀಸೆಲ್ ಒಳ್ಳೆಯ ದ್ರಾವಕವೂ ಆಗಿರುವುದರಿಂದ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಜಿಡ್ಡನ್ನೆಲ್ಲ ಎಬ್ಬಿಸಿ ತಂದಿತ್ತು. ಎರಡು ಫಿಲ್ಟರ್ ಬದಲಾಯಿಸಿದ ಮೇಲೆ ಆ ಕಾಟ ತಪ್ಪಿತು. ಎಂಜಿನ್ನಿನೊಳಗೆ ಇಂಧನ ಸಿಂಪಡಿಸುವ ಇಂಜೆಕ್ಟರಿನಿಂದ ಉಳಿದ ಇಂಧನ ಮರಳುವ ರಬ್ಬರ್ ಪೈಪು ಊದಿಕೊಂಡು ಬೆರಳಿಗೆ ಮೆತ್ತಗಾಗಿ ಜಿನುಗತೊಡಗಿದ್ದರಿಂದ ಅದನ್ನು ತೆಗೆದು ಬಯೋಡೀಸೆಲ್ ತಡೆದುಕೊಳ್ಳುವ ವೈಟಾನ್ ಎಂಬ ವಿಶೇಷ ರಬ್ಬರಿನ ಪೈಪು ಹಾಕಿಸಿದೆ.

ನಿಜವಾದ ತಲೆನೋವು ದಾಸ್ತಾನು. ಈ ಇಂಧನ ಗಾಳಿಯ ತೇವವನ್ನು ಹೀರುತ್ತದೆ, ಆಮ್ಲಜನಕದೊಂದಿಗೆ ಸೇರಿ ಕೆಡುತ್ತದೆ. ಅರ್ಧ ಖಾಲಿಯಾಗಿದ್ದ ಡ್ರಮ್ಮೊಂದನ್ನು ಎಂಟು ತಿಂಗಳು ಮರೆತಿದ್ದೆ. ಮುಚ್ಚಳ ತೆರೆದಾಗ ಕಮಟು ವಾಸನೆ, ತಳದಲ್ಲಿ ನೀರು, ನೀರಿಗೂ ಇಂಧನಕ್ಕೂ ನಡುವೆ ಸೂಕ್ಷ್ಮಜೀವಿಗಳು ಬೆಳೆದ ಲೋಳೆ. ಅಂದಿನಿಂದ ಮೂರು ತಿಂಗಳಿಗೆ ಬೇಕಾದಷ್ಟೇ ಕೊಳ್ಳುತ್ತೇನೆ, ಟ್ಯಾಂಕನ್ನು ತುಂಬಿಯೇ ಇಡುತ್ತೇನೆ, ಹದಿನೈದು ದಿನಕ್ಕೊಮ್ಮೆ ತಳದ ನಲ್ಲಿ ತಿರುಗಿಸಿ ನೀರು ಬಸಿಯುತ್ತೇನೆ. ಬೆರೆಸಿದ ಬಯೋಡೀಸೆಲ್‌ಗೆ ಅಮೆರಿಕದ ಎಎಸ್‌ಟಿಎಂ ಡಿ6751 ಅಥವಾ ಯುರೋಪಿನ ಇಎನ್ 14214 ಗುಣಮಟ್ಟದ ಮಾನದಂಡದ ಪರೀಕ್ಷಾ ವರದಿ ಇಲ್ಲದಿದ್ದರೆ ಕೊಳ್ಳುವುದೇ ಇಲ್ಲ.

ಕರಿದ ಎಣ್ಣೆಯನ್ನು ಸೋಸಿ ನೇರವಾಗಿ ಸುರಿಯಬಹುದಲ್ಲ ಎಂದು ಕೇಳುವವರಿದ್ದಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ಆದರೆ ಸಸ್ಯಜನ್ಯ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುವುದರಿಂದ ಸರಿಯಾಗಿ ಸಿಂಪಡಣೆಯಾಗದೆ ಇಂಜೆಕ್ಟರಿನ ಮೂತಿಯಲ್ಲಿ ಇಂಗಾಲ ಕಟ್ಟುತ್ತದೆ.

ವಾರಕ್ಕೆರಡು ಬಾರಿಯಾದರೂ ಓಡುವ ಯಂತ್ರಕ್ಕೆ ಬಿ20 ಹಾಕಿ ಎಂದು ಧೈರ್ಯವಾಗಿ ಹೇಳುತ್ತೇನೆ. ತುರ್ತಿಗೆಂದು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುವ ನನ್ನ ಎರಡನೆಯ ಜನರೇಟರಿಗೆ ಮಾತ್ರ ನಾನು ಇಂದಿಗೂ ಸಾಧಾರಣ ಡೀಸೆಲ್ಲನ್ನೇ ತುಂಬಿಸುತ್ತೇನೆ.