ಸ್ಕ್ಯಾಟರ್, ಬಾಕ್ಸ್, ಹಿಸ್ಟೋಗ್ರಾಮ್ ಎಲ್ಲ ಒಂದೇ ಚಿತ್ರದಲ್ಲಿ: ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ಸೀಬಾರ್ನ್ ಬಗ್ಗೆ ನನ್ನ ಅಭಿಪ್ರಾಯ

ಮ್ಯಾಟ್‌ಪ್ಲಾಟ್‌ಲಿಬ್, ಸೀಬಾರ್ನ್ ಎರಡೂ ಪೈಥಾನ್ ಭಾಷೆಯಲ್ಲಿ ಚಾರ್ಟ್ ಬಿಡಿಸುವ ಲೈಬ್ರರಿಗಳು. ಸೀಬಾರ್ನ್‌ನಲ್ಲಿ ಒಂದೇ ಸಾಲಿನಲ್ಲಿ ತೆರೆಯಬಹುದಾದ ಪೆಂಗ್ವಿನ್ ಡೇಟಾ ನೋಡಿದ್ದೀರಲ್ವಾ? ಅಂಟಾರ್ಕ್ಟಿಕಾದ ಪಾಮರ್ ದ್ವೀಪಗಳ 344 ಹಕ್ಕಿಗಳು, 3 ಜಾತಿ. ಕೊಕ್ಕಿನ ಉದ್ದವನ್ನು ಅಡ್ಡಕ್ಕೆ, ಕೊಕ್ಕಿನ ದಪ್ಪವನ್ನು ಮೇಲಕ್ಕೆ ಇಟ್ಟು ಹಕ್ಕಿಗೊಂದು ಚುಕ್ಕೆಯ ಹಾಗೆ ಒಂದು ಸ್ಕ್ಯಾಟರ್ ಹಾಕಿ, ಎಲ್ಲ ಚುಕ್ಕೆಗಳಿಗೂ ಸೇರಿ ಒಂದು ರಿಗ್ರೆಷನ್ ಗೆರೆ (ಚುಕ್ಕೆಗಳ ಒಟ್ಟು ಓಟ ತೋರಿಸುವ ನೇರ ಗೆರೆ) ಎಳೆಯಿರಿ. ಗೆರೆ ಕೆಳಕ್ಕೆ ಇಳಿಯುತ್ತದೆ, ಕೊಕ್ಕು ಉದ್ದವಾದಷ್ಟೂ ತೆಳ್ಳಗಾಗುತ್ತದೆ ಅನ್ನುವ ಹಾಗೆ. ಈಗ ಜಾತಿಗೊಂದು ಬಣ್ಣ ಕೊಟ್ಟು ಜಾತಿಗೊಂದು ಗೆರೆ ಎಳೆಯಿರಿ. ಮೂರೂ ಮೇಲಕ್ಕೆ ಹೋಗುತ್ತವೆ!

ಯಾಕೆ ಹೀಗೆ? ಬಲಪಕ್ಕಕ್ಕೆ ಕೊಕ್ಕಿನ ದಪ್ಪದ ಹಿಸ್ಟೋಗ್ರಾಮ್ (ಯಾವ ಅಳತೆಯಲ್ಲಿ ಎಷ್ಟು ಹಕ್ಕಿ ಅಂತ ತೋರಿಸುವ ಕಂಬಗಳು) ಒಂದನ್ನು ಮಲಗಿಸಿ ಇಟ್ಟರೆ ಉತ್ತರ ತಾನಾಗಿಯೇ ಕಾಣುತ್ತದೆ. ಜೆಂಟೂ ಜಾತಿಯ ಗುಂಪು 15 ಮಿ.ಮೀ. ಸುತ್ತ ಕೂತಿದೆ, ಅಡೇಲಿ ಮತ್ತು ಚಿನ್‌ಸ್ಟ್ರಾಪ್ 18ರ ಸುತ್ತ. ಜೆಂಟೂ ಕೊಕ್ಕು ಉದ್ದ, ಆದರೆ ತೆಳು. ಆ ಒಂದು ಗುಂಪೇ ಇಡೀ ಗೆರೆಯನ್ನು ಕೆಳಕ್ಕೆ ಎಳೆಯುತ್ತದೆ. ಇವನ್ನು ಬೇರೆ ಬೇರೆ ಚಿತ್ರ ಮಾಡಿದ್ದರೆ ಓದುವವರು ಇದನ್ನು ತಲೆಯಲ್ಲೇ ಜೋಡಿಸಿಕೊಳ್ಳಬೇಕಿತ್ತು.

ಈ ಕೆಲಸಕ್ಕೆ ನಾನು ಮ್ಯಾಟ್‌ಪ್ಲಾಟ್‌ಲಿಬ್ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಜಾನ್ ಹಂಟರ್ 2003ರಲ್ಲಿ ಬಿಡುಗಡೆ ಮಾಡಿದ್ದು, ಉಚಿತ, ಸೀಬಾರ್ನ್ ಕೂಡ ಅದರ ಮೇಲೆಯೇ ನಿಂತಿದೆ. ಇದರಲ್ಲಿ ಆಕ್ಸಿಸ್ ಅನ್ನುವುದು ಒಂದು ಖಾಲಿ ಹಾಳೆ ಇದ್ದ ಹಾಗೆ. ಅದರ ಮೇಲೆ ವಯೊಲಿನ್ (ಡೇಟಾ ದಟ್ಟವಾಗಿರುವಲ್ಲಿ ಅಗಲವಾಗುವ ಆಕಾರ) ಬರೆಯಿರಿ, ಅದರೊಳಗೆ ಸಣ್ಣ ಬಾಕ್ಸ್ (ಡೇಟಾದ ನಡುವಿನ ಅರ್ಧ ಭಾಗ ತೋರಿಸುವ ಪೆಟ್ಟಿಗೆ) ಬರೆಯಿರಿ, ಮೇಲೆ ಚುಕ್ಕೆ ಚೆಲ್ಲಿ, ಅದು ಬೇಡ ಅನ್ನುವುದೇ ಇಲ್ಲ. 2020ರಲ್ಲಿ 3.3 ಆವೃತ್ತಿ ತಂದ ಸಬ್‌ಪ್ಲಾಟ್ ಮೊಸಾಯಿಕ್ ಅಂತೂ ನನಗೆ ತುಂಬಾ ಇಷ್ಟ. ಯಾವ ಚಿತ್ರ ಎಲ್ಲಿ ಬರಬೇಕು ಅಂತ ಎ, ಬಿ, ಸಿ ಅಕ್ಷರಗಳನ್ನೇ ರಂಗೋಲಿ ಚುಕ್ಕೆಯ ಹಾಗೆ ಸಾಲಾಗಿ ಇಟ್ಟರೆ ಸಾಕು, ಜಾಗ ಹಂಚಿಕೊಡುತ್ತದೆ. ಲೇಔಟ್ ಕನ್‌ಸ್ಟ್ರೇನ್ಡ್ ಅಂತ ಹೇಳಿದರೆ ಚಿತ್ರಗಳ ಬರಹಗಳು ಒಂದರ ಮೇಲೊಂದು ಬೀಳುವುದೂ ತಪ್ಪುತ್ತದೆ.

ಈಗ ತೊಂದರೆಗಳು. ದೊಡ್ಡದು ಅಂದರೆ, ತಪ್ಪಾದರೂ ಅದು ಸುಮ್ನೆ ಇರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಬಾಕ್ಸ್‌ಪ್ಲಾಟ್ ಪೆಟ್ಟಿಗೆಗಳನ್ನು ಅಡ್ಡ ಅಳತೆಯ 1, 2, 3ರಲ್ಲಿ ಇಡುತ್ತದೆ, ಆದರೆ ಸರಾಸರಿಗಳನ್ನಷ್ಟೇ ಕೊಟ್ಟು ಗೆರೆ ಎಳೆದರೆ ಅದು 0, 1, 2ರಲ್ಲಿ ಬರುತ್ತದೆ. ಅಂದರೆ ಎರಡನೇ ಜಾತಿಯ ಸರಾಸರಿ ಮೊದಲನೇ ಜಾತಿಯ ಪೆಟ್ಟಿಗೆಯ ಮೇಲೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಚಿತ್ರ ಚೆಂದವಾಗೇ ಕಾಣುತ್ತದೆ. ಪೊಸಿಷನ್ಸ್ ಅನ್ನು, ಅಂದರೆ ಪೆಟ್ಟಿಗೆಗಳ ಜಾಗವನ್ನು, ನಾವೇ ಕೊಡಬೇಕು. ಸೀಬಾರ್ನ್ ಬಾಕ್ಸ್ 0ರಿಂದಲೇ ಶುರು ಮಾಡುತ್ತದೆ, ಆದರೆ ಅಲ್ಲಿ ವರ್ಷಗಳನ್ನು ಹಾಕಿದರೆ ಅವನ್ನೂ 0, 1, 2 ಅಂತಲೇ ಎಣಿಸುತ್ತದೆ. ಸೀಬಾರ್ನ್ 0.13 ಆವೃತ್ತಿಯಿಂದ ನೇಟಿವ್ ಸ್ಕೇಲ್ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು, ಸೀಬಾರ್ನ್‌ನ ಜಾಯಿಂಟ್‌ಪ್ಲಾಟ್, ಕ್ಯಾಟ್‌ಪ್ಲಾಟ್, ಎಲ್‌ಎಂಪ್ಲಾಟ್ ಇವೆಲ್ಲ ತಮ್ಮದೇ ಹೊಸ ಚಿತ್ರ ತೆರೆದುಕೊಂಡು ಕೂರುತ್ತವೆ, ನಾವು ಕೊಟ್ಟ ಹಾಳೆಗೆ ಬರುವುದಿಲ್ಲ. ಹೊಸಬರು ಇಲ್ಲೇ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ. ರಿಗ್ರೆಷನ್ ಗೆರೆ ಎಳೆಯುವ ರೆಗ್‌ಪ್ಲಾಟ್ ಬರುತ್ತದೆ, ಆದರೆ ಅದಕ್ಕೆ ಜಾತಿಗೊಂದು ಬಣ್ಣ ಕೊಡುವ ಹ್ಯೂ ಇಲ್ಲ, ಹಾಗಾಗಿ ಮೇಲಿನ ಪೆಂಗ್ವಿನ್ ಚಿತ್ರಕ್ಕೆ ಮೂರು ಸಲ ಲೂಪ್ ಓಡಿಸಬೇಕು. ಟ್ವಿನ್ಎಕ್ಸ್ ಹಾಕಿ ಎಡಕ್ಕೊಂದು ಬಲಕ್ಕೊಂದು ಅಳತೆ ಇಡುವುದು ಸಾಧ್ಯ, ಆದರೆ ದಯವಿಟ್ಟು ಬೇಡ. ಅಳತೆ ಸ್ವಲ್ಪ ಹಿಗ್ಗಿಸಿದರೆ ಸಂಬಂಧವೇ ಇಲ್ಲದ ಎರಡು ಗೆರೆಗಳೂ ಜೊತೆಯಾಗಿ ನಡೆದ ಹಾಗೆ ಕಾಣುತ್ತವೆ. ಕೆಳಗೆ ಇನ್ನೊಂದು ಹಾಳೆ ಇಟ್ಟು ಅಡ್ಡ ಅಳತೆಯನ್ನು ಮಾತ್ರ ಹಂಚಿಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಅಂಕ ಕನ್ನಡಕ್ಕಾಗಿ ಹಿಡಿದಿದ್ದೇನೆ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೆಜಾವು ಫಾಂಟ್‌ನಲ್ಲಿ ಕನ್ನಡವೇ ಇಲ್ಲ, ಬರೀ ಚೌಕಗಳು. ನೋಟೋ ಸಾನ್ಸ್ ಕನ್ನಡ ಹಾಕಿದರೂ ನಾನು ಬಳಸುವ 3.8ರಲ್ಲಿ ಒತ್ತಕ್ಷರ ಒಡೆದು ಹೋಗುತ್ತದೆ. ‘ಕೊಕ್ಕಿನ ಉದ್ದ’ ಅಂತ ಬರೆದರೆ ಕೊಕ್ಕಿನ ಒತ್ತೂ ಇಲ್ಲ, ಉದ್ದದ ಒತ್ತೂ ಇಲ್ಲ. ನಮ್ಮ ಶಾಲೆಗಳಿಗೆ, ಪತ್ರಿಕೆಗಳಿಗೆ ಚಾರ್ಟ್ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಇದಕ್ಕೆ ಎಂಪಿಎಲ್‌ಕೈರೋ ಅನ್ನುವ ಬೇರೆ ಬ್ಯಾಕೆಂಡ್ (ಚಿತ್ರವನ್ನು ಕೊನೆಗೆ ಬಿಡಿಸಿಕೊಡುವ ಭಾಗ) ಇದೆ, ಅದನ್ನು ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಜೊತೆ ಹಾಕಿಕೊಂಡರೆ ಅಕ್ಷರಗಳು ಒತ್ತಿನ ಸಮೇತ ಸರಿಯಾಗಿ ಕೂರುತ್ತವೆ.